ದುಬಾರಿಯಾದ ರದ್ದತಿ ಪತ್ರ

2011ರ ಫೆಬ್ರುವರಿ 25ರಂದು ಬೆಂಗಳೂರಿನ ಆಂಟ್ರಿಕ್ಸ್ ಕಾರ್ಪೊರೇಷನ್ ಅದೇ ಊರಿನ ದೇವಾಸ್ ಮಲ್ಟಿಮೀಡಿಯಾ ಕಂಪನಿಗೆ ಒಂದು ಪತ್ರ ಬರೆಯಿತು. ಆಗ ಇಸ್ರೋದ ವಾಣಿಜ್ಯ ವಹಿವಾಟು ನೋಡಿಕೊಳ್ಳುತ್ತಿದ್ದ, ಪೂರ್ತಿ ಸರ್ಕಾರದ್ದೇ ಆದ ಸಂಸ್ಥೆ ಆಂಟ್ರಿಕ್ಸ್. ಆರು ವರ್ಷದ ಹಿಂದೆ, 2005ರ ಜನವರಿ 28ರಂದು, ಜಿಸ್ಯಾಟ್-6 ಮತ್ತು ಜಿಸ್ಯಾಟ್-6ಎ ಉಪಗ್ರಹಗಳ ಎಸ್ ಬ್ಯಾಂಡ್ ಸಾಮರ್ಥ್ಯದಲ್ಲಿ ಶೇ 90ರಷ್ಟನ್ನು ಹನ್ನೆರಡು ವರ್ಷಕ್ಕೆ ಗುತ್ತಿಗೆ ಕೊಡುವುದಾಗಿ ಅದು ದೇವಾಸ್ ಜೊತೆ ಕರಾರು ಮಾಡಿಕೊಂಡಿತ್ತು. ಆ ಕರಾರು ರದ್ದಾಗಿದೆ ಎಂದಿತು ಪತ್ರ. ಮುಂಗಡವಾಗಿ ಪಡೆದಿದ್ದ 58.37 ಕೋಟಿ ರೂಪಾಯಿಯನ್ನೂ ಆಂಟ್ರಿಕ್ಸ್ ಚೆಕ್ ಮೂಲಕ ಮರಳಿಸಲು ನೋಡಿತು. ದೇವಾಸ್ ಆ ಚೆಕ್ಕನ್ನು ಮುಟ್ಟದೆ ವಾಪಸ್ ಕಳಿಸಿತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೆಡರಲ್ ಕೋರ್ಟ್ ಈ ರದ್ದತಿಯ ಪರಿಹಾರಕ್ಕೆ ಬಡ್ಡಿ ಸೇರಿಸಿ ಆಂಟ್ರಿಕ್ಸ್ ಮೇಲೆ ಹೊರಿಸಿದ ಮೊತ್ತ 129 ಕೋಟಿ ಡಾಲರ್.

ಈ ಪ್ರಕರಣದ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ದೇಶದ ಸಂಪತ್ತನ್ನು ಚಿಲ್ಲರೆ ಕಾಸಿಗೆ ಬರೆದುಕೊಟ್ಟಿದ್ದರು, ರದ್ದು ಮಾಡಿದ್ದೇ ಸರಿ ಎನ್ನುವವರು ಒಂದು ಕಡೆ. ಸರ್ಕಾರವೇ ಕೊಟ್ಟ ಮಾತಿಗೆ ತಪ್ಪಿದರೆ ಇಲ್ಲಿ ಬಂಡವಾಳ ಹಾಕುವವರು ಯಾರು ಎನ್ನುವವರು ಇನ್ನೊಂದು ಕಡೆ. ಯಾರ ಕಾಲದಲ್ಲಿ ಏನಾಯಿತು ಎಂದು ಬೆರಳು ತೋರಿಸುವ ಮೂರನೆಯ ಗುಂಪೂ ಉಂಟು. ಕರಾರು ಮತ್ತು ರದ್ದತಿ ಒಂದು ಸರ್ಕಾರದ ಕಾಲದ್ದು, ವ್ಯಾಜ್ಯದ ಬಹುಪಾಲು ಇನ್ನೊಂದರ ಕಾಲದ್ದು ಆದ್ದರಿಂದ ಬೆರಳುಗಳಿಗೆ ಕೊರತೆಯಿಲ್ಲ. ಅವರನ್ನು ಬದಿಗಿಟ್ಟು ಮೊದಲ ಎರಡು ಮಾತನ್ನಷ್ಟೇ ತೆಗೆದುಕೊಂಡರೂ ಎರಡೂ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ರದ್ದು ಮಾಡುವ ಅಧಿಕಾರ ಸರ್ಕಾರಕ್ಕೆ ಖಂಡಿತ ಇತ್ತು. ಗಟ್ಟಿಯಾದ ಒಂದು ಕಾರಣವನ್ನು ಮೊದಲ ದಿನವೇ ಆರಿಸಿಕೊಂಡು, ಅದಕ್ಕೆ ಅಂಟಿಕೊಂಡು, ತೆರಬೇಕಾದ್ದನ್ನು ಆಗಲೇ ತೆತ್ತು ಮುಗಿಸಲಿಲ್ಲವಲ್ಲ, ಭಾರತ ಸೋತದ್ದು ಅಲ್ಲಿ.

ಅಂತರರಾಷ್ಟ್ರೀಯ ಕಾನೂನು ಈ ವಿಷಯದಲ್ಲಿ ಜನ ತಿಳಿದಷ್ಟು ಸರ್ಕಾರಗಳಿಗೆ ಪ್ರತಿಕೂಲವಾಗಿಲ್ಲ. ವಿದೇಶಿ ಕಂಪನಿಯ ಜೊತೆಗಿನ ಕರಾರನ್ನು ಸರ್ಕಾರ ಮುರಿದ ಮಾತ್ರಕ್ಕೆ ಅದು ಅಂತರರಾಷ್ಟ್ರೀಯ ತಪ್ಪಾಗುವುದಿಲ್ಲ. ಎರಡು ದೇಶಗಳು ದೇಶಗಳಾಗಿಯೇ ಮಾಡಿಕೊಳ್ಳದ ಯಾವುದೇ ಕರಾರಿಗೆ ಯಾವುದಾದರೂ ಒಂದು ದೇಶದ ಆಂತರಿಕ ಕಾನೂನೇ ಆಧಾರ ಎಂದು ಹೇಗ್‌ನ ಆಗಿನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ ಸರ್ಬಿಯಾದ ಸಾಲಪತ್ರಗಳ ವ್ಯಾಜ್ಯದಲ್ಲಿ 1929ರಲ್ಲೇ ಹೇಳಿತ್ತು. ಗುತ್ತಿಗೆದಾರನಿಗೆ ಬಿಲ್ ಪಾವತಿಸದ ಸರ್ಕಾರ, ಬೇರೆ ಯಾವ ಬಾಕಿದಾರನ ಹಾಗೆಯೇ, ಸ್ಥಳೀಯ ಕೋರ್ಟಿನಲ್ಲಿ ಅಥವಾ ಕರಾರಿನಲ್ಲೇ ಬರೆದುಕೊಂಡ ಮಧ್ಯಸ್ಥಿಕೆಯಲ್ಲಿ ಉತ್ತರ ಹೇಳಿದರೆ ಸಾಕು. ವ್ಯಾಪಾರದಲ್ಲಿ ಪಾಲುಗಾರನಾಗಿ ಕೂತಿದ್ದ ಸರ್ಕಾರ ಎದ್ದು ನಿಂತು, ಆಳುವವನ ಅಧಿಕಾರ ಚಲಾಯಿಸಿ, ಕಾನೂನು ಮಾಡಿಯೋ ಆದೇಶ ಹೊರಡಿಸಿಯೋ ಪರವಾನಗಿ ಕಿತ್ತುಕೊಂಡೋ ಕರಾರನ್ನು ನಿರರ್ಥಕಗೊಳಿಸಿದಾಗ ಮಾತ್ರ ಗೆರೆ ದಾಟುತ್ತದೆ. ಆಗಲೂ ಈ ಕಾನೂನು ಕೈ ಹಿಡಿದು ನಿಲ್ಲಿಸುವುದಿಲ್ಲ. ಸಾರ್ವಜನಿಕ ಉದ್ದೇಶ ಇರಲಿ, ತಾರತಮ್ಯ ಬೇಡ, ಸರಿಯಾದ ಕ್ರಮ ಅನುಸರಿಸು, ಪರಿಹಾರ ಕೊಡು ಎನ್ನುತ್ತದೆ. ಭೂಸ್ವಾಧೀನಕ್ಕೆ ಜಮೀನು ಕೊಟ್ಟ ನಮ್ಮ ರೈತರಿಗೆ ಈ ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕ್ರಮ ತಪ್ಪಿದರೆ ಆಗುವ ಪರಿಣಾಮವೂ ಹಳೆಯದೇ. ಜರ್ಮನ್ ಒಡೆತನದ ಕಾರ್ಖಾನೆಯೊಂದನ್ನು ಪೋಲೆಂಡ್ ವಶಪಡಿಸಿಕೊಂಡ ಪ್ರಕರಣದಲ್ಲಿ, ತಪ್ಪೇ ನಡೆಯದಿದ್ದರೆ ಇರುತ್ತಿದ್ದ ಸ್ಥಿತಿಗೆ ಸಾಧ್ಯವಾದಷ್ಟು ಮರಳಿಸುವಂತಿರಬೇಕು ಪರಿಹಾರ ಎಂದು ಅದೇ ನ್ಯಾಯಾಲಯ 1928ರಲ್ಲಿ ಹೇಳಿದ್ದು ಇವತ್ತಿಗೂ ಎಲ್ಲ ನ್ಯಾಯಮಂಡಳಿಗಳ ಅಳತೆಗೋಲು.

ಈಗ ದೇವಾಸ್ ಕಡತ ನೋಡೋಣ. ಕರಾರಿನ ಮೇಲೆ ಅನುಮಾನ ಪಡಲು ಸಾಕಷ್ಟು ಕಾರಣಗಳಿದ್ದವು. ಸಹಿಗೆ ಸುಮಾರು ಆರು ವಾರ ಮೊದಲಷ್ಟೇ, 2004ರ ಡಿಸೆಂಬರ್‌ನಲ್ಲಿ, ನೋಂದಣಿಯಾದ ಕಂಪನಿ ಅದು. ಅದರ ಹಿಂದೆ ಇಸ್ರೋದ ಮಾಜಿಗಳಿದ್ದರು. ಹನ್ನೆರಡು ವರ್ಷದ ಗುತ್ತಿಗೆಗೆ ಒಟ್ಟು ಸುಮಾರು 30 ಕೋಟಿ ಡಾಲರ್. ಜಿಸ್ಯಾಟ್-6 ನಿರ್ಮಾಣಕ್ಕೆ ಅನುಮತಿ ಕೇಳಿದಾಗ ಈ ಕರಾರಿನ ವಿಷಯವನ್ನು ಕೇಂದ್ರ ಸಂಪುಟದ ಗಮನಕ್ಕೆ ತಂದಿರಲಿಲ್ಲ. ಆಮೇಲೆ 2010ರಲ್ಲಿ 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಾಂತರಗಳ ಹರಾಜು ನಡೆದು ಒಟ್ಟು ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಬಂದಾಗ, ಗಾಳಿಯಲ್ಲಿ ಹರಿಯುವ ಈ ಸಂಪತ್ತಿನ ಬೆಲೆ ಏನೆಂಬುದು ಎಲ್ಲರಿಗೂ ಗೊತ್ತಾಯಿತು. ಬಾಹ್ಯಾಕಾಶ ಇಲಾಖೆ ನೇಮಿಸಿದ್ದ ಬಿ.ಎನ್. ಸುರೇಶ್ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಜುಲೈ 2ರಂದು ಬಾಹ್ಯಾಕಾಶ ಆಯೋಗ ಕರಾರು ರದ್ದು ಮಾಡಿ ಎಂದಿತು. ರದ್ದತಿಯನ್ನು ಆಂಟ್ರಿಕ್ಸ್ ಮಾಡುವ ಬದಲು ಸರ್ಕಾರವೇ ಸಂಪುಟದ ಮೊಹರಿರುವ ನೀತಿ ನಿರ್ಧಾರವಾಗಿ ಮಾಡುವುದು ಕ್ಷೇಮ ಎಂಬ ಕಾನೂನು ಸಲಹೆಯೂ ಬಂತು. ಅಲ್ಲಿಂದ ಮುಂದೆ ಏಳು ತಿಂಗಳು ಏನೂ ಆಗಲಿಲ್ಲ. ಹೂಡಿಕೆದಾರರಿಗೆ ಯಾರೂ ಏನನ್ನೂ ಹೇಳಲಿಲ್ಲ. 2011ರ ಫೆಬ್ರುವರಿಯಲ್ಲಿ ಎರಡು ಲಕ್ಷ ಕೋಟಿ ನಷ್ಟದ ಅಂದಾಜು ಪತ್ರಿಕೆಗಳಲ್ಲಿ ಬಂತು. 2ಜಿ ಹಗರಣದ ಬಿಸಿ ಆರಿರಲಿಲ್ಲ. ಅದೇ ತಿಂಗಳು 17ರಂದು ಸಂಪುಟದ ಭದ್ರತಾ ಸಮಿತಿ ಕೂತು ತೀರ್ಮಾನಿಸಿತು.

ಆ ತೀರ್ಮಾನದಲ್ಲಿ ಕೊಟ್ಟ ಕಾರಣವನ್ನು ಹತ್ತಿರದಿಂದ ನೋಡಬೇಕು. ಎಸ್ ಬ್ಯಾಂಡನ್ನು ಆಂಟ್ರಿಕ್ಸ್‌ನ ವಾಣಿಜ್ಯ ಚಟುವಟಿಕೆಗೆ ಕೊಡಲಾಗದು, ಏಕೆಂದರೆ ರಕ್ಷಣಾ ಪಡೆಗಳಿಗೆ ಬೇಕು, ಅರೆಸೇನಾ ಪಡೆಗಳಿಗೆ ಬೇಕು, ಇತರ ಸಾರ್ವಜನಿಕ ಸೇವೆಗಳಿಗೆ ಬೇಕು, ಸಾಮಾಜಿಕ ಅಗತ್ಯಗಳಿಗೂ ಬೇಕು ಎಂದಿದೆ. ಕಡತ ಬರೆದವರು ಯಾವುದೂ ಬಿಟ್ಟುಹೋಗದಿರಲಿ ಎಂದು ಎಲ್ಲವನ್ನೂ ತುಂಬಿದರು. ನಮ್ಮ ಕಚೇರಿಗಳಲ್ಲಿ ಟಿಪ್ಪಣಿ ಬರೆಯುವ ರೂಢಿಯೇ ಹಾಗೆ. ಕಾರಣಗಳು ಹೆಚ್ಚಿದ್ದಷ್ಟೂ ಆದೇಶ ಭದ್ರ ಎಂಬ ನಂಬಿಕೆ. ಹೂಡಿಕೆ ಒಪ್ಪಂದಗಳ ಕಾನೂನಿನಲ್ಲಿ ಇದು ತಲೆಕೆಳಗು. ದೇಶದ ಅತ್ಯಗತ್ಯ ಭದ್ರತೆಗಾಗಿ ಕೈಗೊಂಡ ಕ್ರಮಕ್ಕೆ ಈ ಒಪ್ಪಂದಗಳಲ್ಲೇ ವಿನಾಯಿತಿ ಇದೆ. ಅದನ್ನು ಒಂಟಿಯಾಗಿ ಹೇಳಿದ್ದರೆ ಅದು ಗೋಡೆಯಾಗುತ್ತಿತ್ತು. ಪಕ್ಕದಲ್ಲಿ ಸಾಮಾಜಿಕ ಅಗತ್ಯವನ್ನೂ ತಂದಿಟ್ಟದ್ದರಿಂದ ಆ ಗೋಡೆಗೆ ಸರ್ಕಾರವೇ ಬಾಗಿಲು ಕೊರೆದಂತಾಯಿತು.

ಇನ್ನು ಆಂಟ್ರಿಕ್ಸ್ ತನ್ನ ಪತ್ರದಲ್ಲಿ ಹಿಡಿದ ಆಸರೆ ಫೋರ್ಸ್ ಮಜೂರ್, ಎಂದರೆ ಕೈಮೀರಿದ ಪರಿಸ್ಥಿತಿ. ಸರ್ಕಾರ ಸಾರ್ವಭೌಮ ನಿರ್ಧಾರ ತೆಗೆದುಕೊಂಡಿದೆ, ನಾವೇನು ಮಾಡಲಾದೀತು ಎಂಬ ನಿಲುವು. ಆದರೆ ಆಗ ಇಸ್ರೋ ಅಧ್ಯಕ್ಷರು, ಬಾಹ್ಯಾಕಾಶ ಇಲಾಖೆಯ ಕಾರ್ಯದರ್ಶಿ, ಬಾಹ್ಯಾಕಾಶ ಆಯೋಗದ ಅಧ್ಯಕ್ಷರು ಮತ್ತು ಆಂಟ್ರಿಕ್ಸ್ ಅಧ್ಯಕ್ಷರು ನಾಲ್ವರೂ ಒಬ್ಬರೇ ವ್ಯಕ್ತಿ. ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕನೇ ಪುರಸಭೆಯಲ್ಲಿ ಕೂತು ಆ ಬೀದಿಯಲ್ಲಿ ಅಂಗಡಿ ಇರಬಾರದೆಂದು ನಿರ್ಣಯ ಮಾಡಿಸಿ, ಸಂಜೆ ಬಂದು ಬಾಡಿಗೆದಾರನಿಗೆ ‘ನನ್ನ ಕೈಯಲ್ಲೇನಿದೆಯಪ್ಪ’ ಎಂದಂತಾಯಿತು. ಕರಾರಿನ ಪ್ರಕಾರ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಡಿ ನಡೆದ ಮಧ್ಯಸ್ಥಿಕೆಯಲ್ಲಿ ಈ ವಾದ ನಿಲ್ಲಲಿಲ್ಲ. 2015ರ ಸೆಪ್ಟೆಂಬರ್ 14ರ ತೀರ್ಪು ಆಂಟ್ರಿಕ್ಸ್ ಮೇಲೆ 56.25 ಕೋಟಿ ಡಾಲರ್ ಪರಿಹಾರ ವಿಧಿಸಿ, ಅದರ ಮೇಲೆ ಶೇ 18ರ ಬಡ್ಡಿಯನ್ನೂ ಹಾಕಿತು.

ಅದು ಕರಾರಿನ ವ್ಯಾಜ್ಯ. ಇದರ ಜೊತೆಗೇ ಎರಡು ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳಡಿ ಭಾರತ ಸರ್ಕಾರದ ಮೇಲೆಯೇ ಬೇರೆ ದಾವೆಗಳು ಬಂದವು. ದೇವಾಸ್‌ನಲ್ಲಿ ಹಣ ಹಾಕಿದ್ದ ಮೂರು ಮಾರಿಷಸ್ ಕಂಪನಿಗಳು ಒಂದನ್ನು ಹೂಡಿದವು, ಜರ್ಮನಿಯ ಡಾಯ್ಚೆ ಟೆಲಿಕಾಂ ಇನ್ನೊಂದನ್ನು ಹೂಡಿತು. ಮಾರಿಷಸ್ ಪ್ರಕರಣದ ನ್ಯಾಯಮಂಡಳಿ 2016ರಲ್ಲಿ ಬಹುಮತದಿಂದ ಒಂದು ವಿಚಿತ್ರವಾದ, ಆದರೆ ಬೋಧಪ್ರದವಾದ ಭಾಗಾಕಾರ ಮಾಡಿತು: ತರಂಗಾಂತರದ ಶೇ 60ರಷ್ಟು ಭದ್ರತೆಗೆ ಬೇಕಿತ್ತೆಂದು ಒಪ್ಪೋಣ, ಅದಕ್ಕೆ ಪರಿಹಾರವಿಲ್ಲ, ಉಳಿದ ಶೇ 40 ಮಾತ್ರ ಅಕ್ರಮ ಸ್ವಾಧೀನ. ಅದರ ಲೆಕ್ಕ 2020ರಲ್ಲಿ 11.1 ಕೋಟಿ ಡಾಲರ್ ಮತ್ತು ಬಡ್ಡಿ ಎಂದಾಯಿತು. ಜರ್ಮನ್ ಒಪ್ಪಂದದಲ್ಲಿ ಭದ್ರತೆಯ ವಿನಾಯಿತಿ ‘ಅಗತ್ಯವಿರುವಷ್ಟು ಮಟ್ಟಿಗೆ’ ಎಂಬ ಷರತ್ತಿಗೆ ಒಳಪಟ್ಟಿತ್ತು. ಆ ನ್ಯಾಯಮಂಡಳಿ 2017ರಲ್ಲಿ, ಬೇರೆ ಬೇರೆ ಉದ್ದೇಶಗಳನ್ನು ಬೆರೆಸಿದ ಈ ನಿರ್ಧಾರ ಭದ್ರತೆಗೆ ಅಗತ್ಯವಾಗಿತ್ತು ಎನ್ನಲಾಗದೆಂದು ವಿನಾಯಿತಿಯನ್ನೇ ತಳ್ಳಿಹಾಕಿತು. ಆಯೋಗ ಶಿಫಾರಸು ಮಾಡಿದ ಮೇಲೂ ಹೂಡಿಕೆದಾರರನ್ನು ಕತ್ತಲಲ್ಲಿಟ್ಟ ಆ ಏಳು ತಿಂಗಳನ್ನು ನ್ಯಾಯೋಚಿತ ವರ್ತನೆಯ ಉಲ್ಲಂಘನೆ ಎಂದೂ ಎಣಿಸಿತು. 2020ರ ಅಂತಿಮ ಮೊತ್ತ 9.33 ಕೋಟಿ ಡಾಲರ್, ಬಡ್ಡಿ ಬೇರೆ. ಭದ್ರತೆಯ ಮಾತನ್ನು ನ್ಯಾಯಮಂಡಳಿಗಳು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ದೂರುವವರು ಮಾರಿಷಸ್ ತೀರ್ಪಿನ ಆ ಶೇ 60ನ್ನು ಮರೆಯುತ್ತಾರೆ. ಹೇಳಿದಷ್ಟು ನಂಬಿದರು; ಕಲಸುಮೇಲೋಗರ ಮಾಡಿದ್ದನ್ನು ನಂಬಲಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಕರಾರೇ ವಂಚನೆಯಾಗಿದ್ದರೆ ಪರಿಹಾರದ ಮಾತೇಕೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಹೇಳಿದ್ದು ನಮ್ಮ ಸುಪ್ರೀಂ ಕೋರ್ಟ್. 2021ರ ಜನವರಿಯಲ್ಲಿ ಆಂಟ್ರಿಕ್ಸ್ ದೇವಾಸ್ ಕಂಪನಿಯನ್ನೇ ಮುಚ್ಚಿಸಲು ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು. ಮೇ ತಿಂಗಳಲ್ಲಿ ಆದೇಶ ಬಂತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇವಾಸ್ ಕೊಡುವುದಾಗಿ ಹೇಳಿದ್ದ ತಂತ್ರಜ್ಞಾನ ಕರಾರಿನ ಹೊತ್ತಿಗೆ ಅಸ್ತಿತ್ವದಲ್ಲೇ ಇರಲಿಲ್ಲ, ತಂದ 579 ಕೋಟಿ ರೂಪಾಯಿಯಲ್ಲಿ ಶೇ 85ರಷ್ಟು ಅಮೆರಿಕದ ಅಂಗಸಂಸ್ಥೆ, ಸೇವಾ ಶುಲ್ಕ, ವ್ಯಾಜ್ಯದ ಖರ್ಚು ಎಂದು ದೇಶದಿಂದ ಹೊರಗೆ ಹೋಯಿತು ಎಂದು ಅದು ಕಂಡುಕೊಂಡಿತು. ಮುಚ್ಚಿಸಿದರೆ ಹೂಡಿಕೆದಾರರಿಗೆ ತಪ್ಪು ಸಂದೇಶ ಹೋದೀತೆಂಬ ವಾದಕ್ಕೆ, ವಂಚನೆಯ ಫಲ ಉಣ್ಣಲು ಬಿಟ್ಟರೂ ತಪ್ಪು ಸಂದೇಶವೇ ಹೋಗುತ್ತದೆ ಎಂಬ ಅರ್ಥದ ಉತ್ತರ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ 56.25 ಕೋಟಿ ಡಾಲರ್ ತೀರ್ಪನ್ನು ರದ್ದುಪಡಿಸಿತು. 2023ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಖಾಯಂ ಮಾಡಿತು.

ಭಾರತದ ಒಳಗೆ ಇದು ಪ್ರಶ್ನಾತೀತ. ಹೊರಗೆ ಇದರ ಬಲ ಕುಗ್ಗುವುದೇಕೆ? ಒಂದು, ದೇಶದ ಆಂತರಿಕ ಕಾನೂನನ್ನು ಅಂತರರಾಷ್ಟ್ರೀಯ ಹೊಣೆಗೆ ನೆಪ ಮಾಡುವಂತಿಲ್ಲ. ಇದು ಬೇರೆಯವರ ಮೇಲೆ ನಾವೂ ಹೂಡುವ ನಿಯಮ. ಅದಕ್ಕಿಂತ ಮುಖ್ಯವಾದದ್ದು ಕಾಲ. 2011ರ ರದ್ದತಿ ಪತ್ರದಲ್ಲಿ ವಂಚನೆಯ ಸುಳಿವೇ ಇಲ್ಲ. ಸಿಬಿಐ ಪ್ರಕರಣ ದಾಖಲಿಸಿದ್ದು 2015ರಲ್ಲಿ, ಆರೋಪಪಟ್ಟಿ ಸಲ್ಲಿಸಿದ್ದು 2016ರಲ್ಲಿ, ಕಂಪನಿ ಮುಚ್ಚಿಸುವ ಅರ್ಜಿ ಬಂದದ್ದು ಮೂರೂ ತೀರ್ಪಿನ ಮೊತ್ತ ಗೊತ್ತಾದ ಮೇಲೆ. ಸೋತ ಮೇಲೆ ಹುಡುಕಿ ತಂದ ಕಾರಣ ನಿಜವೇ ಆಗಿದ್ದರೂ ಹೊರಗಿನ ನ್ಯಾಯಾಧೀಶನಿಗೆ ಅದು ಸೋಲಿನ ಪ್ರತಿಕ್ರಿಯೆಯಾಗಿಯೇ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಡಾಯ್ಚೆ ಟೆಲಿಕಾಂ ತೀರ್ಪನ್ನು ರದ್ದುಪಡಿಸಲು ಒಪ್ಪಲಿಲ್ಲ. ಅಲ್ಲಿ ತೀರ್ಮಾನವಾದ ಪ್ರಶ್ನೆಗಳನ್ನು ಭಾರತ ಇಲ್ಲಿ ಮತ್ತೆ ಕೆದಕುವಂತಿಲ್ಲ ಎಂದು ಸಿಂಗಪುರದ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು.

ವಂಚನೆ, ಲಂಚದ ಮಾತನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿಗಳು ಕೇಳುವುದೇ ಇಲ್ಲ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. ಕೆನ್ಯಾದ ವಿಮಾನ ನಿಲ್ದಾಣಗಳಲ್ಲಿ ಸುಂಕರಹಿತ ಮಳಿಗೆಗಳ ಗುತ್ತಿಗೆ ಪಡೆದಿದ್ದ ವರ್ಲ್ಡ್ ಡ್ಯೂಟಿ ಫ್ರೀ ಕಂಪನಿ, ಸರ್ಕಾರ ತನ್ನ ಕರಾರು ಮುರಿದು ಆಸ್ತಿ ಕಿತ್ತುಕೊಂಡಿದೆ ಎಂದು ದಾವೆ ಹೂಡಿತ್ತು. ಗುತ್ತಿಗೆ ಸಿಕ್ಕಿದ್ದು ಹೇಗೆ ಎಂದು ವಿಚಾರಣೆಯಲ್ಲಿ ಅದರ ಮುಖ್ಯಸ್ಥರೇ ವಿವರಿಸಿದರು: 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯಿ ಅವರಿಗೆ 20 ಲಕ್ಷ ಡಾಲರ್ ‘ಕಾಣಿಕೆ’ ಸಂದಾಯವಾಗಿತ್ತು. ಅದರಲ್ಲಿ ಒಂದು ಪಾಲನ್ನು ನಗದಾಗಿ ಕಂದು ಬಣ್ಣದ ಬ್ರೀಫ್‌ಕೇಸಿನಲ್ಲಿ ಒಯ್ದು ಗೋಡೆಯ ಪಕ್ಕ ಇಟ್ಟರಂತೆ; ಭೇಟಿ ಮುಗಿದು ಹೊರಡುವಾಗ ಅದೇ ಪೆಟ್ಟಿಗೆಯಲ್ಲಿ ಹಣದ ಜಾಗದಲ್ಲಿ ಹಸಿ ಮೆಕ್ಕೆಜೋಳ ಇತ್ತಂತೆ. 2006ರಲ್ಲಿ ನ್ಯಾಯಮಂಡಳಿ ಹೂಡಿಕೆದಾರನ ಇಡೀ ದಾವೆಯನ್ನು ವಜಾ ಮಾಡಿತು. ಲಂಚ ಪಡೆದವರು ದೇಶದ ಅಧ್ಯಕ್ಷರೇ ಆಗಿದ್ದರೂ ಕೆನ್ಯಾ ಒಂದು ಡಾಲರ್ ಪರಿಹಾರವನ್ನೂ ಕೊಡಬೇಕಾಗಲಿಲ್ಲ. ಆ ವಾದ ತಕ್ಕ ಹೊತ್ತಿಗೆ, ತಕ್ಕ ಜಾಗದಲ್ಲಿ, ಪುರಾವೆ ಸಮೇತ ಬಂದಿತ್ತು. 2010ರಲ್ಲೇ ಕಡತ ತೆರೆದಿದ್ದ ನಮ್ಮ ಇಲಾಖೆಗೆ ಅದೇ ದಾರಿ ತೆರೆದಿತ್ತು.

ಮೂವರು ಖಾಸಗಿ ಪಂಚರು ಚುನಾಯಿತ ಸರ್ಕಾರದ ನಿರ್ಧಾರಕ್ಕೆ ದಂಡ ಹಾಕುವುದು ಎಷ್ಟು ಸರಿ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಒಂದೇ ರದ್ದತಿಗೆ ಎರಡು ಒಪ್ಪಂದಗಳಡಿ ಎರಡು ಬಗೆಯ ಉತ್ತರ ಬಂದದ್ದನ್ನು ಈಗಷ್ಟೇ ನೋಡಿದೆವು. ಮಾರಿಷಸ್‌ನಲ್ಲಿ ಕಂಪನಿ ನೋಂದಾಯಿಸಿ ಅಮೆರಿಕದ ಬಂಡವಾಳಕ್ಕೆ ಮಾರಿಷಸ್ ಒಪ್ಪಂದದ ಕೊಡೆ ಹಿಡಿಯುವ ಚಾಲಾಕಿಯೂ ಮೆಚ್ಚುವಂಥದ್ದಲ್ಲ. ಆದರೆ ಆ ಒಪ್ಪಂದಗಳಿಗೆ ಸಹಿ ಹಾಕಿದ್ದು ಚುನಾಯಿತ ಸರ್ಕಾರಗಳೇ, ಮತ್ತು ಇಂಥ ಮಧ್ಯಸ್ಥಿಕೆ ರಕ್ಷಿಸುವುದು ಹೊರಗಿನವರನ್ನಷ್ಟೇ ಅಲ್ಲ. ಆಗ ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಹೊಂದಿದ್ದ ಜಿಎಂಆರ್ ಸಮೂಹಕ್ಕೆ 2010ರಲ್ಲಿ ಮಾಲ್ಡೀವ್ಸ್ ಮಾಲೆ ವಿಮಾನ ನಿಲ್ದಾಣವನ್ನು ಒಪ್ಪಿಸಿತ್ತು. ಅಲ್ಲಿ ಸರ್ಕಾರ ಬದಲಾಯಿತು. 2012ರ ನವೆಂಬರ್‌ನಲ್ಲಿ ಆ ಕರಾರು ಮೊದಲಿನಿಂದಲೇ ಅಸಿಂಧು ಎಂದು ಘೋಷಿಸಿ ಜಿಎಂಆರ್‌ಗೆ ಜಾಗ ಖಾಲಿ ಮಾಡಲು ಹೇಳಿದರು. ದೆಹಲಿಗೆ ಆಗ ಕರಾರಿನ ಪಾವಿತ್ರ್ಯ ನೆನಪಾಯಿತು. ತಡೆಯಾಜ್ಞೆ ಕೇಳಿದ ಜಿಎಂಆರ್‌ಗೆ ಸಿಂಗಪುರದ ಮೇಲ್ಮನವಿ ನ್ಯಾಯಾಲಯ, ನಿಲ್ದಾಣ ವಾಪಸ್ ಪಡೆಯುವ ಅಧಿಕಾರ ಆ ಸರ್ಕಾರಕ್ಕಿದೆ, ತಪ್ಪು ಎಂದಾದರೆ ಹಣ ಕೊಡಿಸೋಣ ಎಂದಿತು. ಕರಾರು ಸಿಂಧುವಾಗಿಯೇ ಇತ್ತು ಎಂದು 2014ರಲ್ಲಿ ಮಧ್ಯಸ್ಥಿಕೆ ತೀರ್ಪಾಯಿತು. ಸುಮಾರು 27 ಕೋಟಿ ಡಾಲರ್ ಎಂದು 2016ರಲ್ಲಿ ಮೊತ್ತ ನಿಗದಿಯಾಯಿತು. ಅದೇ ವರ್ಷ ಮಾಲ್ಡೀವ್ಸ್ ಹಣ ಕಟ್ಟಿ ಕೈತೊಳೆದುಕೊಂಡಿತು. ಮೀನುಗಾರಿಕೆ, ಪ್ರವಾಸೋದ್ಯಮ ನಂಬಿದ ಪುಟ್ಟ ದ್ವೀಪರಾಷ್ಟ್ರ ನಾಲ್ಕು ವರ್ಷದಲ್ಲಿ ಮುಗಿಸಿದ ಕೆಲಸ ನಮಗೆ ಹದಿನಾಲ್ಕು ವರ್ಷದಲ್ಲಿ ಆಗಲಿಲ್ಲ.

ಆಗದಿದ್ದುದರ ಖರ್ಚು ಸಣ್ಣದಲ್ಲ. 2021ರ ಕೊನೆಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಏರ್ ಇಂಡಿಯಾ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಬರಬೇಕಿದ್ದ ಹಣದ ಮೇಲೆ ಜಪ್ತಿ ಆದೇಶ ಬಿತ್ತು. ಪ್ಯಾರಿಸ್‌ನಲ್ಲಿ ಭಾರತ ಸರ್ಕಾರದ ಆಸ್ತಿಯೊಂದಕ್ಕೆ ಬೀಗ ಹಾಕಿಸುವ ಯತ್ನವಾಯಿತು. ಗೆಲುವುಗಳೂ ಇವೆ. 2025ರ ಏಪ್ರಿಲ್‌ನಲ್ಲಿ ಲಂಡನ್ ಹೈಕೋರ್ಟ್ ಸಾರ್ವಭೌಮ ರಕ್ಷಣೆಯ ಪ್ರಶ್ನೆಯಲ್ಲಿ ಭಾರತದ ಪರ ನಿಂತಿತು. ಎರಡೇ ತಿಂಗಳಲ್ಲಿ, ಜೂನ್ 5ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆಂಟ್ರಿಕ್ಸ್ ವಿರುದ್ಧದ ಹಾದಿಯನ್ನು ಮತ್ತೆ ತೆರೆಯಿತು. ಇಷ್ಟೆಲ್ಲದರ ನಡುವೆ ಯಾವುದಕ್ಕಾಗಿ ರದ್ದತಿ ನಡೆಯಿತೋ ಆ ಉಪಗ್ರಹಗಳ ಸಂಗತಿ ಬಹಳ ಜನಕ್ಕೆ ನೆನಪಿಲ್ಲ. ಜಿಸ್ಯಾಟ್-6 ಹಾರಿದ್ದು 2015ರ ಆಗಸ್ಟ್‌ನಲ್ಲಿ, ರದ್ದತಿಯಾಗಿ ನಾಲ್ಕೂವರೆ ವರ್ಷದ ಮೇಲೆ. ಜಿಸ್ಯಾಟ್-6ಎ 2018ರ ಮಾರ್ಚ್ 29ರಂದು ಶ್ರೀಹರಿಕೋಟಾದಿಂದ ಏರಿ, ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು.

ಭಾರತ ಈ ಅನುಭವದಿಂದ ಕಲಿತ ಪಾಠ ಅರ್ಧ ಸರಿ, ಅರ್ಧ ತಪ್ಪು. ಹೊಸ ಮಾದರಿ ಒಪ್ಪಂದ ಸಿದ್ಧವಾಗಿ, 2016ರಿಂದ ಹಳೆಯ ಹೂಡಿಕೆ ಒಪ್ಪಂದಗಳಲ್ಲಿ ಹೆಚ್ಚಿನವನ್ನು ಸರ್ಕಾರ ಕೈಬಿಟ್ಟಿತು. ಬರೀ ಕರಾರು ಮುರಿದ ವ್ಯಾಜ್ಯಗಳು ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಗುವಂತಿಲ್ಲ, ಹೂಡಿಕೆದಾರ ಮೊದಲು ಐದು ವರ್ಷ ಇಲ್ಲಿನ ಕೋರ್ಟುಗಳಲ್ಲೇ ಹೋರಾಡಬೇಕು, ಭದ್ರತೆಗಾಗಿ ಎಂದು ಸರ್ಕಾರ ಹೇಳಿದರೆ ಅದನ್ನು ನ್ಯಾಯಮಂಡಳಿ ಪ್ರಶ್ನಿಸುವಂತಿಲ್ಲ ಎಂಬುದೆಲ್ಲ ಅದರಲ್ಲಿದೆ. ಮೊದಲನೆಯದು ಸರಿ, ಹಳೆಯ ಕಾನೂನಿನ ತಿರುಳೇ ಅದು. ಆದರೆ ನಮ್ಮ ಕೋರ್ಟುಗಳ ವೇಗದಲ್ಲಿ ಐದು ವರ್ಷ ಎಂದರೆ ಏನು ಎಂಬುದನ್ನು ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕೇಳಿದರೆ ಹೇಳೀತು. ಕೋಲ್ ಇಂಡಿಯಾ ವಿರುದ್ಧ 2002ರಲ್ಲಿ ಸಿಕ್ಕ ಮಧ್ಯಸ್ಥಿಕೆ ತೀರ್ಪನ್ನು ಜಾರಿ ಮಾಡಿಸಲು ಅದು ಇಲ್ಲಿ ಒಂಬತ್ತು ವರ್ಷ ಅಲೆದು, ಆ ವಿಳಂಬದ ಮೇಲೆಯೇ ದಾವೆ ಹಾಕಿ 2011ರಲ್ಲಿ ಭಾರತದ ವಿರುದ್ಧ ಗೆದ್ದಿತ್ತು. ಯುಎಇ ಜೊತೆಗಿನ 2024ರ ಒಪ್ಪಂದದಲ್ಲಿ ಈ ಐದನ್ನು ನಾವೇ ಮೂರಕ್ಕೆ ಇಳಿಸಿದೆವು. ಮಾದರಿ ಒಪ್ಪಂದವನ್ನು ಹೂಡಿಕೆದಾರರಿಗೆ ಅನುಕೂಲವಾಗುವಂತೆ ಬದಲಿಸುವುದಾಗಿ 2025ರ ಬಜೆಟ್ ಭಾಷಣದಲ್ಲಿ ಹೇಳಿಯೂ ಆಗಿದೆ. ಪ್ರಶ್ನಿಸುವವರೇ ಇಲ್ಲದಂತೆ ಮಾಡಿಕೊಂಡರೆ ಟಿಪ್ಪಣಿ ಬರೆಯುವವರು 2011ರ ಹಾಗೆಯೇ ಎಲ್ಲವನ್ನೂ ತುಂಬಿ ಬರೆಯುತ್ತಾರೆ, ಅಷ್ಟೆ.

ಒಪ್ಪಂದಗಳ ಭಾಷೆಯನ್ನು ತಿದ್ದುವುದು ವಿದೇಶಾಂಗ, ಹಣಕಾಸು ಇಲಾಖೆಗಳ ಕೆಲಸ, ಅವು ಮಾಡಲಿ. ಸಂಸತ್ತು ಕೇಳಬೇಕಾದದ್ದು ಅದಕ್ಕಿಂತ ಸರಳ. ವಿದೇಶಿ ಹೂಡಿಕೆಯಿರುವ ಕರಾರನ್ನು ರದ್ದು ಮಾಡುವ ಮೊದಲು ಸಂಪುಟದ ಮುಂದೆ ಬರುವ ಟಿಪ್ಪಣಿಯಲ್ಲಿ ರದ್ದತಿಯ ಕಾರಣ ಒಂದೇ ಇರಲಿ, ಅದಕ್ಕೆ ಪುರಾವೆ ಇರಲಿ, ತೆರಬೇಕಾದ ಪರಿಹಾರದ ಅಂದಾಜು ರೂಪಾಯಿಗಳಲ್ಲಿ ಬರೆದಿರಲಿ. ದೇವಾಸ್ ವ್ಯಾಜ್ಯಕ್ಕಾಗಿ ಈವರೆಗೆ ದೇಶ ವಿದೇಶಗಳ ವಕೀಲರಿಗೆ ಕೊಟ್ಟ ಹಣವೆಷ್ಟು ಎಂಬುದನ್ನೂ ಸದನದಲ್ಲಿ ಮಂಡಿಸಲಿ.